ಪಡಸಾಲೆಯ ಕತ್ತಲೂ ಮೂರು ಕ್ಯಾಮರಾಗಳೂ

ನಮ್ಮ ಮನೆಯಲ್ಲಿ ಲವಂಗ ಇಡುವುದು ಕ್ಯಾಮರಾದ ಚೀಲದಲ್ಲಿ. ಚರ್ಮದ ಚೀಲ, ಒತ್ತುಗುಂಡಿಯ ಮುಚ್ಚಳ, ಒಳಗೆ ಕೆಂಪು ಮಖಮಲ್ಲು. ಕ್ಯಾಮರಾ ಎಲ್ಲಿ ಎಂದು ಕೇಳಬೇಡಿ. ಅದರ ತಿದಿಯನ್ನು ಜಿರಲೆ ತಿಂದು ಎರಡು ಮಳೆಗಾಲ ಕಳೆದವು. ಚೀಲ ಮಾತ್ರ ಗಟ್ಟಿಯಾಗಿ ಉಳಿಯಿತು, ನನ್ನ ಹೆಂಡತಿ ಅದನ್ನು ಅಡುಗೆಮನೆಗೆ ಸೇರಿಸಿಕೊಂಡಳು. ಮೊನ್ನೆ ಹಲ್ಲುನೋವೆಂದು ಒಂದು ಲವಂಗಕ್ಕೆ ಕೈ ಹಾಕಿದವನು ಚೀಲ ಹಿಡಿದುಕೊಂಡು ಅಲ್ಲಿಯೇ ಕುಳಿತುಬಿಟ್ಟೆ. ಒಗ್ಗರಣೆ ಹಾಕುತ್ತಿದ್ದ ಹೆಂಡತಿ ತಿರುಗಿಯೂ ನೋಡದೆ, "ಒಂದು ಲವಂಗ ಆರಿಸಾಕ ಎಷ್ಟೊತ್ತರಿ?" ಎಂದಳು.

ಆಕೆ ಹಾಗೆ ಕೇಳಿದ್ದಕ್ಕೆ ಕಾರಣವಿದೆ. ಆರಿಸುವುದು ನನಗೆ ಒಗ್ಗದ ಕೆಲಸ. ಚಿಕ್ಕವನಿದ್ದಾಗ ಅಪ್ಪ ಸವಣೂರಿನ ಸಂತೆಯಲ್ಲಿ ನನ್ನನ್ನು ಕೆರವಿನ ಅಂಗಡಿಯ ಮುಂದೆ ನಿಲ್ಲಿಸಿ, "ನಿನಗ ಬೇಕಾದ್ದು ತಗೋ" ಎಂದು ತಾನು ಎಲೆಬಳ್ಳಿಯವರ ಕಡೆ ಹೋದ. ಅವನು ಹೊರಳಿ ಬರುವ ತನಕ ನಾನು ಎರಡು ಜೋಡಿಗಳ ನಡುವೆ ಹಾಕುತ್ತ ತೆಗೆಯುತ್ತ ಇದ್ದೆ. ಊರಿಗೆ ಬಂದ ಮೇಲೆ ನೋಡಿದರೆ ಬಲಗಾಲಿನದು ಒಂದು ಜೋಡಿಯದು, ಎಡಗಾಲಿನದು ಇನ್ನೊಂದು ಜೋಡಿಯದು. ಒಂದು ವರ್ಷ ಅವನ್ನೇ ಮೆಟ್ಟಿದೆ. ಹೆಂಡತಿಯನ್ನು ನೋಡಲು ದುಂಡಸಿಗೆ ಮೂರು ಸಲ ಹೋಗಿದ್ದೆ. ಮೂರನೆಯ ಸಲ ಆಕೆ ಒಳಗಿನಿಂದಲೇ, "ಈ ಸರತಿ ಹಂಗ ಹೋದ್ರ ಮತ್ತ ಬರೂದು ಬ್ಯಾಡಂತ ಹೇಳ್ರಿ" ಎಂದು ಹೇಳಿ ಕಳಿಸಿದಳು. ಹೀಗೆ ನನ್ನ ಮದುವೆಯನ್ನೂ ಬೇರೆಯವರೇ ನಿರ್ಧರಿಸಿದರು.

ಇಂಥ ಮನುಷ್ಯನ ಮುಂದೆ ಒಬ್ಬರು ಮೂರು ಕ್ಯಾಮರಾ ತಂದಿಟ್ಟು, ಒಂದನ್ನು ಆರಿಸಿಕೋ ಎಂದರೆ ಏನಾದೀತು? ಅದನ್ನೇ ಹೇಳಲು ಹೊರಟಿದ್ದೇನೆ. ಆದರೆ ಅದಕ್ಕೆ ಮೊದಲು ನಮ್ಮ ಪಡಸಾಲೆಯ ಕತ್ತಲನ್ನು ನಿಮಗೆ ಪರಿಚಯ ಮಾಡಿಕೊಡಬೇಕು.

ಹತ್ತಿಮತ್ತೂರಿನ ನಮ್ಮ ಮನೆಗೆ ಮೊಳಕ್ಕೂ ಮಿಕ್ಕಿ ದಪ್ಪದ ಮಣ್ಣಿನ ಗೋಡೆ. ತಲಬಾಗಿಲು ದಾಟಿದರೆ ಎತ್ತು ಕಟ್ಟುವ ಜಾಗ, ಅವು ಮೇವು ತಿನ್ನುವ ಗೋದಲಿ. ಅಲ್ಲಿಂದ ಎರಡು ಮೆಟ್ಟಿಲು ಏರಿದರೆ ಪಡಸಾಲೆ, ಅದರ ಎಡಕ್ಕೆ ಒಂದು ಬಾಗಿಲು, ಆ ಬಾಗಿಲ ಆಚೆ ನಡುಮನೆ. ಕಿಟಕಿ ಎಂಬುದು ಇಲ್ಲವೇ ಇಲ್ಲ. ಕಿಟಕಿ ಇಟ್ಟರೆ ಬಿಸಿಲು ಬರುತ್ತದೆ, ಕಳ್ಳರು ಬರುತ್ತಾರೆ, ನೆರೆಯವರ ಕಣ್ಣು ಬರುತ್ತದೆ ಎಂದು ಹಿರಿಯರ ಲೆಕ್ಕ. ನಡುಮನೆಯ ಮಾಳಿಗೆಯಲ್ಲಿ ಮಾತ್ರ ಒಂದು ಬೆಳಕಿಂಡಿ ಇತ್ತು. ಅದರಿಂದ ಇಳಿದ ಬಿಸಿಲಿನ ಬಿಲ್ಲೆ ಬೆಳಗಿನಿಂದ ಸಂಜೆಯ ತನಕ ನೆಲದ ಮೇಲೆ ಸರಿಯುತ್ತ ಹೋಗುವುದು. ಅದೇ ಅವ್ವನ ಗಡಿಯಾರ. ಬಿಲ್ಲೆ ಬೀಸುವ ಕಲ್ಲಿಗೆ ಬಂದರೆ ಹೊಲಕ್ಕೆ ಬುತ್ತಿ ಕಳಿಸುವ ಹೊತ್ತು, ಬಾಗಿಲ ಹೊಸ್ತಿಲಿಗೆ ಬಂದರೆ ನಡುಮಧ್ಯಾಹ್ನ. ನಾನು ಪಾಟಿ ಹಿಡಿದುಕೊಂಡು ಆ ಬಿಲ್ಲೆಯ ಜೊತೆಯಲ್ಲೇ ಸರಿಯುತ್ತ ಅಕ್ಷರ ಕಲಿತವನು.

ಪಡಸಾಲೆಗೆ ಆ ಭಾಗ್ಯವೂ ಇರಲಿಲ್ಲ. ತಲಬಾಗಿಲಿನಿಂದ ಬಂದಷ್ಟೇ ಬೆಳಕು. ಅಲ್ಲಿ ನಾವು ಮನುಷ್ಯರನ್ನು ಕೆಮ್ಮಿನಿಂದ ಗುರುತಿಸುತ್ತಿದ್ದೆವು. ಒಮ್ಮೆ ದೊಡ್ಡಪ್ಪ ಹೊಲದ ಬಿಸಿಲಿನಿಂದ ಒಳಗೆ ಬಂದವನು, ಕಂಬಕ್ಕೆ ಯಾರೋ ಸುತ್ತಿಟ್ಟಿದ್ದ ರುಮಾಲು ನೋಡಿ, "ಯಾವಾಗ ಬಂದ್ರಿ? ಕುಂತ್ರಿ, ನಿಂತ ಬಿಟ್ರಲ್ಲ" ಎಂದು ಕಂಬಕ್ಕೆ ಹೇಳಿದ್ದು ಇವತ್ತಿಗೂ ನಮ್ಮಲ್ಲಿ ನಗೆಯ ಮಾತು.

ಎರಡನೆಯ ಮಹಾಯುದ್ಧ ಶುರುವಾಗಲು ಇನ್ನೂ ಒಂದೆರಡು ವರ್ಷವಿತ್ತು. ನಾನು ಹಾನಗಲ್ಲಿನ ಕನ್ನಡ ಶಾಲೆಯಲ್ಲಿ ಮಾಸ್ತರ. ಅಪ್ಪ ತೀರಿಹೋಗಿ ನಾಲ್ಕು ವರ್ಷವಾಗಿತ್ತು. ಊರಿನಲ್ಲಿ ಅವ್ವನನ್ನೂ ತಂಗಿ ನೀಲವ್ವನನ್ನೂ ದೊಡ್ಡಪ್ಪನೇ ನೋಡಿಕೊಳ್ಳುತ್ತಿದ್ದ. ಹತ್ತಿ ವ್ಯಾಪಾರದ ಮನುಷ್ಯ; ಮಾತು ಒರಟು, ಕೈ ಧಾರಾಳ. ಅವನೇ ಓಡಾಡಿ ಹಿರೇಕೆರೂರಿನಲ್ಲಿ ನೀಲವ್ವನಿಗೆ ಗಂಡು ಗೊತ್ತು ಮಾಡಿದ. ಬ್ಯಾಸಿಗೆಯಲ್ಲಿ ಮದುವೆ ಎಂದು ಕಾಗದ ಬಂತು, ನಾನು ಎರಡು ದಿನ ರಜೆ ಹಾಕಿ ಊರಿಗೆ ಹೋದೆ.

ಅವ್ವ ನಡುಮನೆಯಲ್ಲಿ ಬಿಸಿಲ ಬಿಲ್ಲೆಯ ಪಕ್ಕ ಮೊರ ಹಿಡಿದು ಅಕ್ಕಿಯಲ್ಲಿ ಹರಳು ಆರಿಸುತ್ತ ಕುಳಿತಿದ್ದಳು. ಅವಳ ಕಣ್ಣು ಒಂದು ತರಹ. ಮೊರದಲ್ಲಿರುವ ಹರಳು ಕಾಣುತ್ತಿತ್ತು, ಹತ್ತು ಹೆಜ್ಜೆ ಆಚೆ ನಿಂತ ಮನುಷ್ಯ ಕಾಣುತ್ತಿರಲಿಲ್ಲ. ಸುಮ್ಮನೆ ಆರಿಸುತ್ತ ಇದ್ದವಳು ಇದ್ದಕ್ಕಿದ್ದಂತೆ ಕೇಳಿದಳು:

"ಶಿವಪ್ಪಾ, ಪೋಟೋ ಅಂತಾರಲ್ಲ, ಅದನ್ನ ಮನಿಯೊಳಗ ತಗ್ಯಾಕ ಬರ್ತೈತೇನು?"

"ಯಾಕಬೇ?"

"ಅಕ್ಕಿಕಾಳು ಬೀಳೂ ಹೊತ್ತಿನ್ಯಾಗ ನೀಲವ್ವನ ಮಾರಿ ಹೆಂಗಿರ್ತೈತಿ, ಒಂದು ಸರತಿ ನೋಡಬೇಕಂತ ಐತಿ."

"ನೀನ ನೋಡಬೇ. ಅಲ್ಲೇ ಇರ್ತಿಯಲ್ಲ."

"ನಾ ಎಲ್ಲಿ ಅಲ್ಲಿರ್ತೇನಿ. ನಾ ಇಲ್ಲೇ ಇರ್ತೇನಿ" ಎಂದು ನಡುಮನೆಯ ನೆಲ ಮುಟ್ಟಿ ತೋರಿಸಿದಳು. "ಮುತ್ತೈದೇರು ನಿಂದ್ರೂ ಜಾಗದಾಗ ನಾ ಹೋಗಿ ನಿಂತ್ರ, ನಾಳೆ ಆ ಹುಡುಗಿಗೆ ಒಂದು ತಲಿನೋವು ಬಂದ್ರೂ ನನ್ನ ಮ್ಯಾಲ ಬರ್ತೈತಿ. ದೊಡ್ಡಪ್ಪನೂ ಹಂಗ ಅಂದಾನ. ಅಂವ ಅನ್ನೂದರಾಗೂ ತಪ್ಪಿಲ್ಲ."

ನಮ್ಮ ಮನೆತನದ ಪದ್ಧತಿ ಎಂದರೆ ಅಕ್ಕಿಕಾಳು, ಅಂದರೆ ಅಕ್ಷತೆ, ಬೀಳುವುದು ಹಂದರದಲ್ಲಿ ಅಲ್ಲ, ಪಡಸಾಲೆಯಲ್ಲಿ, ದೇವರ ಜಗಲಿಯ ಮುಂದೆಯೇ. ಊಟ ಉಪಚಾರ ಎಲ್ಲ ಹೊರಗಿನ ಹಂದರದಲ್ಲಿ. ನಡುಮನೆಯಿಂದ ಆ ಜಗಲಿ ಇಪ್ಪತ್ತು ಹೆಜ್ಜೆ ಕೂಡ ಇಲ್ಲ. ಆದರೂ ಹೆತ್ತವಳು ಬಾಗಿಲ ಈಚೆ, ಮಗಳು ಬಾಗಿಲ ಆಚೆ. ಇದನ್ನು ಕೇಳಿ ನಾನು ಮಾಡಬೇಕಾದದ್ದು ಏನೆಂದು ಈಗ ಗೊತ್ತು. ಆಗ ನಾನು ಮಾಡಿದ್ದು, "ಆತಬೇ, ಪೋಟೋ ತಗದು ಕೊಡ್ತೇನಿ" ಎಂದು ಮಾತು ಕೊಟ್ಟದ್ದು. ಕ್ಯಾಮರಾವನ್ನು ಅದುವರೆಗೆ ಕೈಯಿಂದ ಮುಟ್ಟಿದವನಲ್ಲ.

ಹಾನಗಲ್ಲಿಗೆ ಹೊರಳಿ ಬಂದೆ. ಅಲ್ಲಿ ಕೆರೆ ಏರಿ ರಿಪೇರಿ ಕೆಲಸ ನೋಡುವ ಓವರ್‌ಸಿಯರ್ ಒಬ್ಬರಿದ್ದರು, ಗೋವಿಂದರಾಯರೆಂದು. ಅವರ ಮಗನಿಗೆ ಎರಡು ವರ್ಷ ಮನೆಗೆ ಹೋಗಿ ಗಣಿತ ಹೇಳಿಕೊಟ್ಟಿದ್ದೆ. ಅವರಿಗೆ ರತ್ನಾಗಿರಿಯ ಕಡೆ ವರ್ಗವಾಗಿ ಸಾಮಾನು ಕಟ್ಟುತ್ತಿದ್ದರು. ನನ್ನ ಸಂಕಟ ಹೇಳಿಕೊಂಡೆ. ಅವರು ಒಳಗೆ ಹೋಗಿ ಮೂರು ಕ್ಯಾಮರಾ ತಂದು ಜಮಖಾನದ ಮೇಲೆ ಸಾಲಾಗಿ ಇಟ್ಟರು.

"ಮಾಸ್ತರ, ಮೂರೂ ಒಯ್ದು ತಗದು ನೋಡ್ರಿ. ಎಂಟು ದಿನದಾಗ ಎರಡು ಹೊಳ್ಳಿ ತಂದುಕೊಡ್ರಿ. ಒಂದು ನಿಮಗಿರಲಿ. ಹುಡುಗಗ ಗಣಿತ ಬಂತಲ್ಲ, ಅದಕ್ಕ" ಎಂದರು.

ಒಂದು, ಕರಿಯ ಪೆಟ್ಟಿಗೆ. ಅದರಲ್ಲಿ ತಿರುಗಿಸುವುದು, ಸರಿಮಾಡುವುದು ಏನೂ ಇಲ್ಲ. ಮುಂದೆ ಒಂದು ಕಣ್ಣು, ಪಕ್ಕದಲ್ಲಿ ಒಂದು ಕಡ್ಡಿ. ನನ್ನಂಥವನಿಗೆಂದೇ ಮಾಡಿದಂತಿತ್ತು. ಎರಡನೆಯದು ಮಡಿಚುವ ಕ್ಯಾಮರಾ. ಮುಚ್ಚಳ ತೆಗೆದರೆ ಹಾರ್ಮೋನಿಯಮ್ಮಿನ ಹಾಗೆ ತಿದಿ ಚಾಚಿಕೊಂಡು ಬರುವುದು. ಮೂರನೆಯದು ಜರ್ಮನಿಯದು, ತಂಬಾಕಿನ ಡಬ್ಬಿಯಷ್ಟೇ ದೊಡ್ಡದು, ಕೈಯಲ್ಲಿ ಹಿಡಿದರೆ ತೂಕದ ಕಲ್ಲಿನ ಭಾರ.

"ಕತ್ತಲಾಗ ತಗೀಲಿಕ್ಕೆ ಯಾವುದು ಚಲೋರಿ?" ಎಂದೆ.

"ಮುಂದಿನ ಕಣ್ಣಿನ ಕಾಜಿನ ಸುತ್ತ ಅಂಕಿ ಬರದಾರ ನೋಡ್ರಿ. ಪೆಟ್ಟಿಗಿದು ಹನ್ನೊಂದು. ಮಡಿಚೂದರದ್ದು ಆರು ಮತ್ತು ಚಿಲ್ಲರ. ಸಣ್ಣದರದ್ದು ಮೂರೂವರಿ."

"ಹಂಗಾದ್ರ ಪೆಟ್ಟಿಗೀನ ಚಲೋ. ಹನ್ನೊಂದು ಐತಿ."

ರಾಯರು ನನ್ನ ಮುಖವನ್ನು ಕನಿಕರದಿಂದ ನೋಡಿದರು. "ಉಲ್ಟಾ ಮಾಸ್ತರ. ಅಂಕಿ ಸಣ್ಣದಿದ್ದಷ್ಟು ಬೆಳಕು ಹೆಚ್ಚಿಗೆ ಬರ್ತದ. ಒಂದು ಭಾಗಿಲೆ ಮೂರೂವರಿ, ಒಂದು ಭಾಗಿಲೆ ಹನ್ನೊಂದು. ಭಿನ್ನರಾಶಿ. ನಮ್ಮ ಹುಡುಗಗ ನೀವ ಹೇಳಿಕೊಟ್ಟೀರಿ."

ನಾಚಿಕೆಯಾಯಿತು. ನಾಚಿಕೆಯ ಜೊತೆ ಗಲಿಬಿಲಿಯೂ ಹೆಚ್ಚಿತು. ಸಣ್ಣ ಅಂಕಿಯದು ದೊಡ್ಡ ಬೆಳಕು, ಒಪ್ಪಿದೆ. ಆದರೆ ಸಣ್ಣ ಕ್ಯಾಮರಾದಲ್ಲಿ ಬರುವ ಚಿತ್ರವೂ ಸಣ್ಣದು, ಹೆಬ್ಬೆರಳಿನ ಉಗುರಿಗಿಂತ ತುಸು ದೊಡ್ಡದು; ಅದನ್ನು ದೊಡ್ಡದು ಮಾಡಬೇಕಾದರೆ ಹುಬ್ಬಳ್ಳಿಗೆ ಕಳಿಸಬೇಕಂತೆ. ಮಡಿಚುವ ಕ್ಯಾಮರಾದ ಚಿತ್ರ ಅಂಗೈಯಗಲ ಬರುತ್ತದೆ, ಆದರೆ ಬೆಳಕು ಕಡಿಮೆ. ಪೆಟ್ಟಿಗೆಯ ಚಿತ್ರ ಇನ್ನೂ ದೊಡ್ಡದು, ಆದರೆ ಮನೆಯೊಳಗೆ ಅದು ಕುರುಡು. ಅವ್ವನಿಗೆ ಮಗಳ ಮುಖ ಬೇಕು. ಮುಖ ಕಾಣಬೇಕಾದರೆ ದೊಡ್ಡದಿರಬೇಕು. ದೊಡ್ಡದಿದ್ದರೆ ಬೆಳಕು ಬೇಕು. ಬೆಳಕು ಬೇಕಾದರೆ ಸಣ್ಣದಿರಬೇಕು. ಆ ದಿನ ಶಾಲೆಯಲ್ಲಿ ಮಗ್ಗಿ ಹೇಳಿಸುವಾಗ ಮಧ್ಯದಲ್ಲಿ ನಿಂತುಬಿಟ್ಟೆ ಎಂದು ಹುಡುಗರು ಮನೆಗೆ ಹೋಗಿ ಹೇಳಿದರಂತೆ.

ಮೂರನ್ನೂ ಒಂದು ಕೈಚೀಲದಲ್ಲಿ ಹಾಕಿಕೊಂಡು ಸರ್ವಿಸ್ ಮೋಟಾರು ಹತ್ತಿ ಶಿಗ್ಗಾವಿಗೆ ಬಂದೆ. ಸವಣೂರಿನ ಮೋಟಾರು ಬರುವ ತನಕ ಚಹದ ಅಂಗಡಿಯಲ್ಲಿ ಕುಳಿತು ಒಂದೊಂದನ್ನೇ ತೆಗೆದು ನೋಡುತ್ತಿದ್ದೆ. ಸುತ್ತಲೂ ಮಂದಿ ಸೇರಿದರು. ಸರಕಾರದವರು ಹೊಲ ಅಳೆಯಲು ಬಂದಿದ್ದಾರೆಂದು ಒಬ್ಬ ಎದ್ದುಹೋದ. ಇನ್ನೊಬ್ಬ ಮುದುಕ ಮೂರನ್ನೂ ಅಂಗೈಯಲ್ಲಿ ತೂಗಿ ನೋಡಿ, "ಭಾರ ಇದ್ದದ್ದು ತಗೋರಿ, ಮಾಸ್ತರ. ಯಾ ಸಾಮಾನ ಆದ್ರೂ ಹಂಗ" ಎಂದ. ಅದುವರೆಗೆ ನನಗೆ ಯಾರೂ ಇಷ್ಟು ಸ್ಪಷ್ಟವಾಗಿ ಹೇಳಿರಲಿಲ್ಲ. ಸವಣೂರು ಮುಟ್ಟುವ ತನಕ ನಾನು ಅವನ ಮಾತನ್ನೇ ನಂಬಿದ್ದೆ.

ಸವಣೂರಿನಲ್ಲಿ ಖಾದರಸಾಹೇಬರು ಫೋಟೋ ತೆಗೆಯುತ್ತಿದ್ದರು. ಹಿತ್ತಲಿನಲ್ಲಿ ಅರಮನೆಯ ಚಿತ್ರ ಬರೆದ ಪರದೆ, ಅದರ ಮುಂದೆ ಒಂದು ಕುರ್ಚಿ, ಎದುರಿಗೆ ಮೂರು ಕಾಲಿನ ಮೇಲೆ ನಿಂತ ಕಟ್ಟಿಗೆಯ ದೊಡ್ಡ ಕ್ಯಾಮರಾ. ಕರಿಯ ಬಟ್ಟೆ ತಲೆಗೆ ಹೊದ್ದುಕೊಂಡು ಒಳಗೆ ಏನು ಮಾಡುತ್ತಾರೋ ಯಾರಿಗೂ ತಿಳಿಯದು. ಎಲೆ ಅಡಿಕೆ ಕೊಟ್ಟು ಕುಳ್ಳಿರಿಸಿದರು. ಮೂರು ಕ್ಯಾಮರಾವನ್ನೂ ನೋಡಿ ಯಾವುದನ್ನೂ ಮೆಚ್ಚಲಿಲ್ಲ, ಯಾವುದನ್ನೂ ಹಳಿಯಲಿಲ್ಲ.

"ಕತ್ತಲಾಗ ಪೋಟೋ ತಗ್ಯಾಕ ಬರ್ತೈತಿ ಮಾಸ್ತರ್. ಕ್ಯಾಮರಾದ ಬಾಗಲಾ ತಗದು ಕುಂದ್ರಬೇಕು. ಬೆಳಕು ಒಂದೊಂದ ಹನಿ ಒಳಗ ಬರ್ತೈತಿ, ತುಂಬತೈತಿ. ಆದ್ರ ಅಷ್ಟೊತ್ತು ಎದುರಿನವರು ಅಳ್ಳಾಡಬಾರದು. ನಿಮ್ಮ ಮಂದಿ ಅಳ್ಳಾಡದ ಇರ್ತಾರೇನು?"

"ಲಗ್ನದಾಗ ಹೆಂಗ ಇರ್ತಾರ್ರಿ, ಸಾಹೇಬರ?"

"ಅದಕ್ಕ ಅಂದೆ. ನಿಮ್ಮೊಳಗ ಸತ್ತವರನ್ನ ಕುಂದ್ರಿಸಿ ಪೋಟೋ ತಗಸ್ತೀರಿ. ಇಪ್ಪತ್ತು ವರ್ಷದಿಂದ ತಗ್ಯಾಕತ್ತೇನಿ. ಮನಿಯೊಳಗ, ಕತ್ತಲಾಗ, ಒಂದೂ ಕೆಟ್ಟಿಲ್ಲ. ಜೀವ ಇದ್ದವರದ್ದ ತ್ರಾಸು."

ನಾನು ಅವರನ್ನೇ ಮದುವೆಗೆ ಕರೆದೆ. ಆ ದಿನ ಬಂಕಾಪುರದಲ್ಲಿ ಅವರ ಅಳಿಯನ ಮನೆಯ ಕೆಲಸವಿತ್ತು, ಬರಲಾಗಲಿಲ್ಲ. ಬದಲಿಗೆ ಒಂದು ಚಿಟಿಕೆಯ ಉಪಾಯ ಹೇಳಿದರು: ತಗಡಿನ ತಟ್ಟೆಯಲ್ಲಿ ಸುರಿದು ಕಡ್ಡಿ ಕೊರೆದರೆ ಧಗ್ಗೆಂದು ಹಗಲಾಗುವ ಬಿಳಿಯ ಪುಡಿ. ಅದರ ಒಂದು ಪೊಟ್ಟಣವನ್ನೂ ಕೈಯಲ್ಲಿಟ್ಟರು. ಅಲ್ಲಿಗೆ ನನ್ನ ಗೊಂದಲ ಮೂರರಿಂದ ನಾಲ್ಕಕ್ಕೆ ಏರಿತು.

ಆ ನಾಲ್ಕನೆಯದನ್ನು ದೊಡ್ಡಪ್ಪ ಒಂದೇ ಮಾತಿನಲ್ಲಿ ಮುಗಿಸಿದ. ಆ ವರ್ಷದ ಹತ್ತಿಗೆ ಧಾರಣೆ ಏರಲಿ ಎಂದು ಅವನು ಕಾಯುತ್ತಿದ್ದ. ಬಿಡಿಸಿ ತಂದ ಹತ್ತಿಯೆಲ್ಲ ಪಡಸಾಲೆಯಲ್ಲೇ ಜಂತಿಯ ತನಕ ರಾಶಿ ಬಿದ್ದಿತ್ತು. ಹತ್ತಿ ಮನೆಯಲ್ಲಿದ್ದಷ್ಟು ದಿನ ಬೀಡಿ ಸೇದುವವರನ್ನೂ ಅವನು ಒಳಗೆ ಬಿಡುತ್ತಿರಲಿಲ್ಲ. ಕಟ್ಟೆಯ ಮೇಲೆ ಒಂದು ತಾಟು ಇಟ್ಟು, ಬಂದವರೆಲ್ಲ ಬೀಡಿ, ಕಡ್ಡಿಪೆಟ್ಟಿಗೆ ಅದರಲ್ಲಿಟ್ಟು ಒಳಗೆ ಬರಬೇಕು. ಪೊಟ್ಟಣ ನೋಡಿ ಅವನು, "ಮನಿಗೆ ಬೆಂಕಿ ಹಚ್ಚಿ ಪೋಟೋ ತಗೀತಿಯೇನಪಾ? ಹಿತ್ತಲಾಗ ಹೂತು ಬಾ" ಎಂದ. ಹೂತು ಬಂದೆ.

ಉಳಿದ ಮೂರನ್ನೂ ಪಡಸಾಲೆಯಲ್ಲಿಯೇ ಪರೀಕ್ಷೆ ಮಾಡಿದೆ. ದೊಡ್ಡಪ್ಪನನ್ನು ಜಗಲಿಯ ಮುಂದೆ ಕೂಡಿಸಿ ಗೋದಲಿಯ ಗೋಡೆಯ ಮೇಲೆ ಒಂದೊಂದೇ ಕ್ಯಾಮರಾ ಇಟ್ಟು ತೆಗೆದೆ. ಅವನು ರುಮಾಲು ಸರಿಮಾಡಿಕೊಂಡು, ಮೀಸೆ ತಿದ್ದಿಕೊಂಡು, "ಇದು ಕಡೀದೇನು? ಇದು ಕಡೀದೇನು?" ಎನ್ನುತ್ತ ಕುಳಿತ. ಸುರುಳಿಗಳನ್ನು ಒಯ್ದು ಖಾದರಸಾಹೇಬರಿಂದ ತೊಳೆಸಿದೆ. ಪೆಟ್ಟಿಗೆಯದರಲ್ಲಿ ಕತ್ತಲು ಬಿಟ್ಟರೆ ಏನೂ ಇರಲಿಲ್ಲ. ಜರ್ಮನಿಯದರಲ್ಲಿ ದೊಡ್ಡಪ್ಪ ಬಂದಿದ್ದ, ಆದರೆ ಕಡಲೆಕಾಳಿನಷ್ಟು ಬಂದಿದ್ದ. ಮಡಿಚುವ ಕ್ಯಾಮರಾದಲ್ಲಿ ಮಾತ್ರ ಮೀಸೆಯ ಒಂದೊಂದು ಕೂದಲೂ ಎಣಿಸುವಂತಿತ್ತು.

"ಎಲ್ಲಿ ತಗದ್ರಿ ಇದು? ಬಯಲಾಗೇನು?" ಎಂದರು ಸಾಹೇಬರು.

"ಪಡಸಾಲಿಯೊಳಗ್ರಿ" ಎಂದೆ, ಹೆಮ್ಮೆಯಿಂದ.

ಅವರು ಹುಬ್ಬು ಗಂಟಿಕ್ಕಿ ಚಿತ್ರವನ್ನೇ ನೋಡಿದರು. ಏನೋ ಸರಿಯಿಲ್ಲ ಎಂದು ಅವರಿಗೆ ಅನಿಸಿರಬೇಕು. ನನಗೆ ಮಾತ್ರ ಜೀವಮಾನದಲ್ಲಿ ಮೊದಲ ಸಲ ಆರಿಸುವುದು ಸುಲಭವಾಗಿ ಕಂಡಿತು. ಪೆಟ್ಟಿಗೆಯನ್ನೂ ಜರ್ಮನಿಯದನ್ನೂ ಹಾನಗಲ್ಲಿಗೆ ಒಯ್ದು ಒಪ್ಪಿಸಿದೆ, ಮಡಿಚುವುದನ್ನು ಇಟ್ಟುಕೊಂಡೆ. ರಾಯರು ಚೀಲವನ್ನೂ ಕೊಟ್ಟರು. ಮರುದಿನ ಅವರ ಸಾಮಾನಿನ ಗಾಡಿ ಹೊರಟುಹೋಯಿತು.

ಮದುವೆಯ ಹಿಂದಿನ ದಿನ ಊರಿಗೆ ಬಂದು ಪಡಸಾಲೆಗೆ ಕಾಲಿಟ್ಟವನು ಕಂಬಕ್ಕೆ ಹಾಯ್ದೆ.

ಹತ್ತಿ ಇರಲಿಲ್ಲ. ಮಂದಿಗೆ ಜಾಗ ಆಗಲೆಂದು ದೊಡ್ಡಪ್ಪ ರಾಶಿಯನ್ನೆಲ್ಲ ಪಕ್ಕದ ಕೋಣೆಗೆ ತುಂಬಿಸಿದ್ದ. ಆಗ ನನಗೆ ತಿಳಿಯಿತು, ಆ ದಿನ ದೊಡ್ಡಪ್ಪನ ಮೀಸೆಯನ್ನು ಬೆಳಗಿದ್ದು ಕ್ಯಾಮರಾ ಅಲ್ಲ, ಹತ್ತಿ. ತಲಬಾಗಿಲಿನಿಂದ ಬಂದ ಬಿಸಿಲು ಆ ಬಿಳಿಯ ಗುಡ್ಡಕ್ಕೆ ಬಿದ್ದು ಪಡಸಾಲೆಯೆಲ್ಲ ಹಗಲಾಗಿತ್ತು. ಹತ್ತಿಯೊಳಗೇ ಹುಟ್ಟಿ ಬೆಳೆದ ನಾನು ಅದನ್ನು ಹತ್ತಿ ಎಂದು ನೋಡಿದ್ದೆನೇ ಹೊರತು ಬೆಳಕು ಎಂದು ನೋಡಿರಲಿಲ್ಲ. ಸಾಲದ್ದಕ್ಕೆ ಮುಂದೆ ಹಂದರ ಹಾಕಿ, ಮೇಲೆ ಜೋಳದ ಕಣಿಕೆ ಹೊದಿಸಿ, ಅದರ ಮೇಲೆ ಮಾವಿನ ತಪ್ಪಲು ಹರಡಿದ್ದರು. ತಲಬಾಗಿಲಿನಿಂದ ಬರುತ್ತಿದ್ದ ಬೆಳಕೂ ಹೋಯಿತು. ರುಮಾಲು ಕಂಡು ಕಂಬವನ್ನು ಮಾತನಾಡಿಸುವಂಥ ಅದೇ ಹಳೆಯ ಕತ್ತಲು, ಈಗ ಅದಕ್ಕಿಂತ ಒಂದು ಕೈ ಹೆಚ್ಚು.

"ದೊಡ್ಡಪ್ಪಾ, ಹತ್ತಿ ಹೊಳ್ಳಿ ಹಾಕಸಾಕ ಬರ್ತೈತೇನು?" ಎಂದು ಕೇಳಿದೆ.

ಅವನು ನನ್ನ ಹಣೆ ಮುಟ್ಟಿ ನೋಡಿದ. "ಬಿಸಲಾಗ ಬಂದಿ. ಹೋಗು, ಒಂದೀಟು ಮಜ್ಜಿಗಿ ಕುಡಿ."

ನಡುಮನೆಯಲ್ಲಿ ಅವ್ವ ಮಜ್ಜಿಗೆ ಕೊಟ್ಟು, "ಪೆಟಗಿ ತಂದಿಯಲ್ಲ?" ಎಂದಳು. ತಂದೇನಿ ಎಂದೆ. "ಯಾವುದು ತರ್ಬೇಕಂತ ಭಾಳ ತ್ರಾಸು ತಗೊಂಡಿಯಂತ. ದೊಡ್ಡಪ್ಪ ಹೇಳಿದ." ಅವಳ ಮುಖದಲ್ಲಿ ಎಂಥ ನಂಬಿಕೆಯಿತ್ತೆಂದರೆ, ನಾನು ಒಂದೇ ಗುಟುಕಿಗೆ ಮಜ್ಜಿಗೆ ಮುಗಿಸಿ ಇನ್ನಷ್ಟು ಕೇಳಿದೆ. ಬೆಳಕು ಸಾಲದು ಎಂದು ಹೇಳುವ ಧೈರ್ಯ ಬರಲಿಲ್ಲ.

ಮರುದಿನ ನಡುಮಧ್ಯಾಹ್ನಕ್ಕೆ ಮುಹೂರ್ತ. ಕ್ಯಾಮರಾವನ್ನು ಗೋದಲಿಯ ಗೋಡೆಯ ಮೇಲೆ ಕೂಡಿಸಿ, ಅಳ್ಳಾಡದಿರಲೆಂದು ಎರಡೂ ಕಡೆ ಕಲ್ಲು ಕೊಟ್ಟೆ. ಖಾದರಸಾಹೇಬರು ಹೇಳಿದ್ದ ಉಪಾಯ ಒಂದೇ ಉಳಿದಿತ್ತು: ಒಮ್ಮೆ ಒತ್ತಿದರೆ ಕಣ್ಣು ತೆರೆಯುತ್ತದೆ, ಇನ್ನೊಮ್ಮೆ ಒತ್ತಿದರೆ ಮುಚ್ಚುತ್ತದೆ. ನಡುವೆ ಐದು ಎಣಿಸುವುದು. ಹತ್ತು ಎಣಿಸಿದರೆ ಬೆಳಕು ಹೆಚ್ಚು, ಮುಖ ಅಳ್ಳಾಡುತ್ತದೆ. ಮೂರು ಎಣಿಸಿದರೆ ಮುಖ ನಿಲ್ಲುತ್ತದೆ, ಬೆಳಕಿಲ್ಲ. ಐದೇ ಸರಿ ಎಂದುಕೊಂಡೆ. ನಾಲ್ಕೋ ಎಂದೂ ಅನ್ನಿಸಿತು. ಆರೂ ಬರಬಹುದಾಗಿತ್ತು. ಅಷ್ಟರಲ್ಲಿ ಯಾರೋ ಬಂದು ನನ್ನ ಕೈಯಲ್ಲಿ ಒಂದು ಹಿಡಿ ಅಕ್ಕಿಕಾಳು ಸುರಿದು ಹೋದರು.

ನೀಲವ್ವ ತಲೆ ಬಗ್ಗಿಸಿ ನಿಂತಿದ್ದಳು. ಪಕ್ಕದಲ್ಲಿ ಹಿರೇಕೆರೂರಿನ ವರ, ಬಿಳಿಯ ರುಮಾಲು. ಎರಡು ಎಣ್ಣೆದೀಪದ ಬೆಳಕಿನಲ್ಲಿ ಅವರ ಆಕಾರ ಅಷ್ಟೇ ಕಾಣುತ್ತಿತ್ತು. ಅಯ್ಯನವರು ಮಂತ್ರ ಮುಗಿಸುತ್ತ ಬಂದರು. ನಾನು ಒತ್ತಿದೆ. ಒಂದು ಎಂದೆ. ಎರಡು ಎನ್ನುವಷ್ಟರಲ್ಲಿ ಬಾಜಾ ಬಜಂತ್ರಿ ಮೊಳಗಿತು, ಅಕ್ಕಿಕಾಳು ಬೀಳತೊಡಗಿದವು. "ಶಿವಪ್ಪಾ, ಅಣ್ಣ ಆದಾಂವ ಅಲ್ಲೇನು ಮಾಡಾಕತ್ತಿ? ಬಾ ಮುಂದ" ಎಂದು ದೊಡ್ಡಪ್ಪ ಕೂಗಿದ.

ಹೋದೆ. ಮಂದಿಯನ್ನು ಸರಿಸಿಕೊಂಡು ಹೋಗಿ ತಂಗಿಯ ತಲೆಯ ಮೇಲೆ ಕಾಳು ಹಾಕಿದೆ. ಎಲ್ಲರೂ ಮುಗಿಸಿದ ಮೇಲೂ ನನ್ನ ಕೈಯಲ್ಲಿ ಕಾಳು ಉಳಿದಿದ್ದವು. ಒಂದೊಂದೇ ಹಾಕುತ್ತ ನಿಂತೆ. ಅಪ್ಪ ಇರಬೇಕಿತ್ತು ಎಂದು ಅನ್ನಿಸಿ ಕಣ್ಣು ತುಂಬಿ ಬಂದವು. ಕಣ್ಣು ಒರೆಸಿಕೊಂಡ ಮೇಲೆ ನೆನಪಾಯಿತು, ಅಲ್ಲಿ ಗೋದಲಿಯ ಮೇಲೆ ಇನ್ನೊಂದು ಕಣ್ಣು ತೆರೆದೇ ಇದೆ ಎಂದು. ಓಡಿ ಹೋಗಿ ಒತ್ತಿ ಮುಚ್ಚಿದೆ. ಎಷ್ಟು ಎಣಿಸಬೇಕಾಗಿತ್ತೋ, ಎಷ್ಟು ಕಳೆದಿತ್ತೋ ಶಿವನೇ ಬಲ್ಲ.

ನಾಲ್ಕು ದಿನ ಬಿಟ್ಟು ಸುರುಳಿ ತೆಗೆದುಕೊಂಡು ಸವಣೂರಿಗೆ ಹೋದೆ. ಖಾದರಸಾಹೇಬರು ತಮ್ಮ ಕತ್ತಲೆಕೋಣೆಯಿಂದ ಹೊರಗೆ ಬರಲು ಬಹಳ ಹೊತ್ತು ಹಿಡಿಯಿತು. ಬಂದವರು ಹಸಿಯಾದ ಚಿತ್ರವನ್ನು ಹಲಗೆಯ ಮೇಲೆ ಇಟ್ಟು ನನ್ನ ಕಡೆ ಸರಿಸಿದರು.

ಜಗಲಿ ಇತ್ತು. ಕಂಬಗಳಿದ್ದವು. ಬಾಗಿಲಿನ ಚೌಕಟ್ಟಿನ ಕೆತ್ತನೆ ಕೂಡ ಬಂದಿತ್ತು. ಮನುಷ್ಯರು ಮಾತ್ರ ಹೊಗೆಯಾಗಿ ಹೋಗಿದ್ದರು. ಅಯ್ಯನವರು ಒಂದು ಮಬ್ಬು, ವರನ ರುಮಾಲು ಒಂದು ಬಿಳಿಯ ಗೆರೆ, ದೊಡ್ಡಪ್ಪ ಎಲ್ಲಿಯೂ ಇಲ್ಲ. ನಾನು ಹೋಗಿ ಬಂದ ದಾರಿಯಲ್ಲಿ ನನ್ನ ಗುರುತು ಕೂಡ ಇರಲಿಲ್ಲ. ನೀಲವ್ವನ ಮುಖವಿರಬೇಕಾದ ಜಾಗದಲ್ಲಿ ಪಕ್ಕಕ್ಕೆ ಎಳೆದು ಒರೆಸಿ ಹಾಕಿದಂಥ ಒಂದು ಬೆಳ್ಳಗಿನ ಮಚ್ಚೆ.

"ಕೆಟ್ಟತ್ರಿ" ಎಂದೆ.

"ಈ ಕಡೆ ನೋಡ್ರಿ" ಎಂದು ಅವರು ಎಡಗಡೆ ಬೆರಳಿಟ್ಟರು.

ನಡುಮನೆಯ ಬಾಗಿಲಿನಲ್ಲಿ ಅವ್ವ ನಿಂತಿದ್ದಳು. ಬೆಳಕಿಂಡಿಯ ಬಿಸಿಲು ನಡುಮಧ್ಯಾಹ್ನಕ್ಕೆ ಆ ಹೊಸ್ತಿಲಿಗೆ ಬರುತ್ತಿತ್ತಲ್ಲ, ಅದರ ಕೆಳಗೆ, ಬಿಳಿಯ ಸೀರೆಯ ಸೆರಗು ತಲೆಯ ಮೇಲೆ ಹೊದ್ದು, ಒಂದು ಕೈಯಿಂದ ಚೌಕಟ್ಟು ಹಿಡಿದು. ಆ ಕೈಯ ನರಗಳು ಕಾಣುತ್ತಿದ್ದವು. ತುಟಿ ಬಿಗಿದದ್ದು ಕಾಣುತ್ತಿತ್ತು. ಅಷ್ಟು ಮಂದಿಯಲ್ಲಿ ಅಲುಗಾಡದೆ ನಿಂತವಳು ಅವಳೊಬ್ಬಳೇ. ಎಲ್ಲರೂ ಮದುಮಕ್ಕಳ ಕಡೆ ನೋಡುತ್ತಿದ್ದರು, ಅವಳನ್ನು ಯಾರೂ ನೋಡಲಿಲ್ಲ. ಕಾಳು ಹಾಕುತ್ತ ಅಷ್ಟು ಹೊತ್ತು ನಿಂತ ನಾನೂ ನೋಡಲಿಲ್ಲ.

ನನಗೆ ಸಿಟ್ಟು ಬಂತು, ನನ್ನ ಮೇಲೆಯೇ. ಹಾನಗಲ್ಲು, ಶಿಗ್ಗಾವಿ, ಸವಣೂರು ಎಂದು ಚೀಲ ಹೊತ್ತು ತಿರುಗಿದೆ. ಮೂರೂವರೆಯೋ ಆರೋ ಹನ್ನೊಂದೋ ಎಂದು ತಲೆ ಕೆಡಿಸಿಕೊಂಡೆ. "ಅವ್ವ ಮುಂದ ಬಂದು ನಿಂದ್ರಲಿ" ಎಂದು ದೊಡ್ಡಪ್ಪನಿಗೆ ಒಂದು ಮಾತು ಹೇಳುವುದು ಮಾತ್ರ ಹೊಳೆಯಲಿಲ್ಲ. ಹೊಳೆಯಲಿಲ್ಲ ಎಂದರೆ ಸುಳ್ಳಾದೀತು, ಆಡಲು ಅಂಜಿದೆ.

ಚಿತ್ರವನ್ನು ಅಂಗಿಯೊಳಗೆ ಇಟ್ಟುಕೊಂಡು ಊರಿಗೆ ಬಂದೆ. ದೊಡ್ಡಪ್ಪ ಕಟ್ಟೆಯ ಮೇಲೆಯೇ ಕುಳಿತಿದ್ದ. "ಬಂತೇನು ಪೋಟೋ? ಕಾಜು ಹಾಕಿಸಿ ಪಡಸಾಲಿಯಾಗ ಕಟ್ಟೂಣು" ಎಂದ. ಕೆಟ್ಟುಹೋತು ಎಂದೆ. "ನಾ ಅವಾಗ ಅಂದೆ, ಮೂರಕ್ಕೆ ಮೂರೂ ಇಟ್ಟುಕೊಳ್ಳಬೇಕಿತ್ತು" ಎಂದ. ಅವನು ಹಾಗೆ ಅಂದದ್ದು ನನಗೆ ನೆನಪಿರಲಿಲ್ಲ.

ಅವ್ವ ಹಿಟ್ಟು ನಾದುತ್ತಿದ್ದಳು. ಕೈ ತೊಳೆದುಕೊಂಡು ಹಿತ್ತಲ ಬಾಗಿಲಿಗೆ ಬಂದಳು. ಚಿತ್ರವನ್ನು ಬೆಳಕಿಗೆ ಹಿಡಿದು, ಮೂಗಿಗೆ ತಾಗುವಷ್ಟು ಹತ್ತಿರ ತಂದುಕೊಂಡಳು. ನಾನು ಬೈಗಳಿಗೆ ತಯಾರಾಗಿ ನಿಂತೆ. ಅವಳು ಮೆಲ್ಲಗೆ ನಕ್ಕಳು.

"ನನಗೂ ಹಿಂಗ ಕಂಡಿತ್ತಪಾ. ಬರೇ ಮಂಜು. ಈ ಕಣ್ಣಿಗೆ ಯಾರ ಮಾರಿನೂ ಕಾಣಲಿಲ್ಲ. ಎಳ್ಳಷ್ಟೂ ಫರಕಿಲ್ಲ ನೋಡು."

"ನಿನಗ ನೀಲವ್ವನ ಮಾರಿ ತೋರಸ್ತೇನಿ ಅಂದಿದ್ದೆ. ಬರಲಿಲ್ಲಬೇ."

"ಅಕಿ ಎಲ್ಲಿದಾಳ ಇದರಾಗ?"

ಬೆಳ್ಳಗಿನ ಮಚ್ಚೆಯನ್ನು ತೋರಿಸಿದೆ. ಅಲ್ಲಿ ಇಲ್ಲಿ ತಿರುಗಾಡಿದವರ ಮಬ್ಬುಗಳಿಗೆ ದಿಕ್ಕಿರಲಿಲ್ಲ. ಇದು ಒಂದೇ ಕಡೆಗೆ ಹರಿದಿತ್ತು.

"ಇದು ಯಾಕ ಹಿಂಗ ಆಗೇತಿ?"

"ಅಳ್ಳಾಡ್ಯಾಳಬೇ. ತಲಿ ಬಗ್ಗಿಸಿ ನಿಂತಾಕಿ ಹೊಳ್ಳಿ ನೋಡ್ಯಾಳ. ಅದಕ್ಕ ಎಳಕೊಂಡು ಹೋಗೇತಿ."

"ಯಾ ಕಡೆ ಹೊಳ್ಳ್ಯಾಳ?"

ಅದನ್ನು ನಾನು ನೋಡಿರಲಿಲ್ಲ. ಅವ್ವನ ಬೆರಳು ಆ ಮಚ್ಚೆಯ ಮೇಲಿಂದ ಹೊರಟು, ಎಡಕ್ಕೆ, ಅದು ಹರಿದ ಕಡೆಗೇ ಸರಿಯುತ್ತ ಹೋಯಿತು. ಕಂಬ ದಾಟಿತು. ಬಾಗಿಲಿಗೆ ಬಂದು ತನ್ನದೇ ಮುಖದ ಮೇಲೆ ನಿಂತಿತು.

"ಹಂಗಾದ್ರ ಅಕಿಗೆ ನಾ ಕಂಡೇನಿ" ಎಂದಳು. ಚಿತ್ರವನ್ನು ಕುಬಸದೊಳಗೆ ಇಟ್ಟುಕೊಂಡು ಹಿಟ್ಟು ನಾದಲು ಕುಳಿತಳು.